ಹಿಂದುಮುಂದಾದ ಚಳಿಗಾಲ

ಅದು ಶುರುವಾದದ್ದು ಮಿಕ್ಕೆಲ್ ಹಬ್ಬದ ವಾರ, ಸೆಪ್ಟೆಂಬರ್ ಕೊನೆಯಲ್ಲಿ, ಬೆಳಗಿನ ಹತ್ತು ಗಂಟೆಯ ಹೊತ್ತಿಗೆ. ದೊಡ್ಡಿಯ ಬೇಲಿಯ ಮೇಲೆ ಹೆಪ್ಪುಗಟ್ಟಿದ ಇಬ್ಬನಿ ಇನ್ನೂ ಕರಗಿರಲಿಲ್ಲ. ನನ್ನ ತಮ್ಮನ ಮಗಳು ಬಿರೆತ್ ಆ ವರ್ಷದ ಮೊದಲ ಗಂಡು ಸಾರಂಗವನ್ನು ಕೆಡವಿ, ಹೊಟ್ಟೆ ಸೀಳಿ, ಗುಲ್ಮವನ್ನು ಬಿಡಿಸಿ, ತೊರೆಯಲ್ಲಿ ತೊಳೆದು ತಂದು ನನ್ನ ಅಂಗೈಯಲ್ಲಿ ಇಟ್ಟಳು. ಸುತ್ತ ಹಿಮಸಾರಂಗ ಸಾಕುವ ನಮ್ಮ ಗುಂಪಿನ ನಾಲ್ಕೂ ಮನೆಯವರು ನಿಂತಿದ್ದರು.

ಹಿಮಸಾರಂಗದ ಗುಲ್ಮವೆಂದರೆ ಅಂಗೈಯಗಲದ ಕಪ್ಪುಗೆಂಪು ಮಾಂಸ, ಅಷ್ಟೇ. ಅದನ್ನು ನೋಡಿ ಮುಂಬರುವ ಚಳಿಗಾಲ ಹೇಗಿರುತ್ತದೆಂದು ಹೇಳುವುದು ನಮ್ಮಲ್ಲಿ ರೂಢಿ. ಕೊಬ್ಬಿನ ಎಳೆ ಅಂಟಿಕೊಂಡ ತುದಿ ಅದರ ತಲೆ. ತಲೆಯ ಕಡೆ ಕ್ರಿಸ್‌ಮಸ್‌ವರೆಗಿನ ಚಳಿಗಾಲ, ಬಾಲದ ಕಡೆ ಅಲ್ಲಿಂದಾಚೆಯದು. ದಪ್ಪವಿದ್ದಲ್ಲಿ ಒಣ ಚಳಿ, ತೆಳುವಿದ್ದಲ್ಲಿ ಮೆತ್ತನೆಯ ಹವೆ, ಮಳೆ. ಮೊದಲು ನನ್ನ ಅಪ್ಪ ನೋಡುತ್ತಿದ್ದ. ಅವನು ತೀರಿಕೊಂಡ ಮೇಲೆ ಮೂವತ್ತೊಂದು ವರ್ಷ ನಾನು ನೋಡಿದೆ. ಶಾಲೆಯಲ್ಲಿ ಎರಡೇ ಚಳಿಗಾಲ ಕೂತವನು ನಾನು. ಸರಾಗವಾಗಿ ಓದಲು ಬರುತ್ತಿದ್ದದ್ದು ಇದೊಂದೇ.

ನನ್ನ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮುಂದಿನ ಶರತ್ಕಾಲದಲ್ಲಿ ಕೈಗೆ ಚಾಕು ಕೊಡುವುದಿಲ್ಲ, ದೊಡ್ಡಿಯೊಳಗೆ ಬಿಡುವುದಿಲ್ಲ, ಹೆಂಗಸರ ಜೊತೆ ಕಾಫಿ ಕಾಯಿಸಲು ಕೂರಿಸುತ್ತಾರೆ ಎಂಬ ಹೆದರಿಕೆ. ಅದಕ್ಕೇ ಹೆಬ್ಬೆರಳಿನಿಂದ ಸವರಿದೆ. ಎಳೆ ಸಿಕ್ಕಿತು. ಅದರ ಪಕ್ಕ ಒಳ್ಳೆಯ ದಪ್ಪವಿತ್ತು. ಕ್ರಿಸ್‌ಮಸ್‌ವರೆಗೆ ಮರ ಸಿಡಿಯುವಂಥ ಒಣ ಚಳಿ, ಒಂದು ಹನಿ ಮಳೆಯಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಪಕ್ಕದ ಮನೆಯ ಹೇಯ್ಕಾ ಯಾವುದಕ್ಕೂ ನಗೆಮಾತು ಸೇರಿಸದೆ ಬಿಡುವವನಲ್ಲ.

"ಹಂಗಾದ್ರೆ ಈ ಸಲ ನಾನು ಹೆಂಡ್ತಿ ಪಕ್ಕದಲ್ಲೇ ಮಲಗ್ಬೇಕಾಯ್ತು."

"ಪಾಪ, ಈ ಸುದ್ದಿ ಅವಳಿಗ್ಯಾರು ಹೇಳ್ತಾರೆ?" ಎಂದಳು ಬಿರೆತ್. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಧ್ಯಾಹ್ನ ರೇಡಿಯೋದ ಹುಡುಗಿಯೊಬ್ಬಳು ಬಂದಳು. ಹವಾಮಾನದವರು ಈ ಚಳಿಗಾಲ ಬೆಚ್ಚಗಿರುತ್ತದೆ, ಕ್ರಿಸ್‌ಮಸ್ಸಿಗೆ ಮುಂಚೆ ಮಳೆಯೂ ಬರಬಹುದು ಎನ್ನುತ್ತಿದ್ದಾರಂತೆ, ನಿಮ್ಮ ಲೆಕ್ಕ ಏನು ಎಂದು ಕೇಳಿದಳು. ಅವರ ಕಚೇರಿಯಲ್ಲಿ ಒಲೆ ಜೋರಾಗಿ ಉರಿಯುತ್ತಿರಬೇಕು, ಅದಕ್ಕೇ ಬೆಚ್ಚಗೆ ಕಾಣುತ್ತದೆ ಎಂದೆ. ಅವಳಿಗೆ ಅದು ಬಹಳ ಹಿಡಿಸಿತು. ಸಂಜೆಯ ಸುದ್ದಿಯಲ್ಲಿ ನನ್ನ ಹೆಸರು, ನನ್ನ ಅಪ್ಪನ ಹೆಸರು, ಈ ಮಾತು ಎಲ್ಲ ಬಂತು.

ಸುದ್ದಿ ಮುಗಿದ ಮೇಲೆ ಗುಲ್ಮವನ್ನು ನಾಯಿಗೆ ಹಾಕೋಣವೆಂದು ಎತ್ತಿಕೊಂಡೆ. ಯಾಕೋ ದೀಪದ ಕೆಳಗೆ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದೆ. ಕೊಬ್ಬಿನ ಎಳೆ ತೆಳುವಾದ ತುದಿಯಲ್ಲಿತ್ತು. ಬೆಳಿಗ್ಗೆ ನನ್ನ ಬೆರಳಿಗೆ ಸಿಕ್ಕಿದ್ದು ಹೆಪ್ಪುಗಟ್ಟಿದ ರಕ್ತದ ಒಂದು ತುಣುಕು. ನಾನು ಚಳಿಗಾಲವನ್ನು ಬಾಲದಿಂದ ತಲೆಗೆ ಓದಿಬಿಟ್ಟಿದ್ದೆ. ಹವಾಮಾನದವರು ಹೇಳಿದ್ದನ್ನೇ ಗುಲ್ಮವೂ ಹೇಳುತ್ತಿತ್ತು.

ಬಿರೆತ್‌ಳ ಮನೆ ನೂರು ಹೆಜ್ಜೆ ದೂರ. ಅವಳ ಕಿಟಕಿಯಲ್ಲಿ ಬೆಳಕಿತ್ತು. ಗುಲ್ಮವನ್ನು ನಾಯಿಗೆ ಎಸೆದು ಕೈ ತೊಳೆದುಕೊಂಡೆ.

ನಮಗೆ ಚಳಿಗಾಲದ ಮೇವಿಗೆ ಎರಡು ಜಾಗ. ಕೆಳಗಿನ ಕಣಿವೆಯಲ್ಲಿ ಬಿಳಿ ಕಲ್ಲುಹೂವು ಮೊಣಕಾಲಿಗೆ ಮೆತ್ತೆಯಾಗುವಷ್ಟು ದಪ್ಪ. ಒಣ ಹಿಮವನ್ನು ಸಾರಂಗಗಳು ಗೊರಸಿನಿಂದ ಕೆದರಿ ಕೆಳಗಿನ ಕಲ್ಲುಹೂವನ್ನು ತಿನ್ನುತ್ತವೆ. ಆದರೆ ಹಿಮದ ಮೇಲೆ ಮಳೆ ಬಿದ್ದು ಮತ್ತೆ ಚಳಿ ಹಿಡಿದು ಗಡ್ಡೆ ಕಟ್ಟಿತೋ, ಮೇವಿಗೆ ಬೀಗ ಬಿದ್ದ ಹಾಗೆ. ಮೇಲಿನ ದಿಣ್ಣೆಯಲ್ಲಿ ಮೇವು ಕಡಿಮೆ, ಗಾಳಿ ಹೆಚ್ಚು. ಕೆಳಗೆ ಮಳೆಯಾದದ್ದು ಅಲ್ಲಿ ಹಿಮವಾಗಿಯೇ ಬೀಳುತ್ತದೆ. ಉಳಿದ ಮೂರು ಮನೆಯವರು ಪ್ರತಿವರ್ಷ ದಿಣ್ಣೆಗೇ ಹೋಗುವವರು. ಬಿರೆತ್‌ಳ ಹಿಂಡಿನಲ್ಲಿ ಆ ವರ್ಷ ಕರುಗಳು ಜಾಸ್ತಿ, ಬಡಕಲು. ಅವಕ್ಕೆ ಕಣಿವೆಯ ಮೇವು ಬೇಕಿತ್ತು. ಅವಳ ಅಪ್ಪ, ಎಂದರೆ ನನ್ನ ತಮ್ಮ, ತೀರಿಕೊಂಡಾಗ ಬಿಟ್ಟುಹೋದ ಬೆರಳೆಣಿಕೆಯ ಸಾರಂಗಗಳನ್ನು ಹನ್ನೆರಡು ವರ್ಷ ಒಬ್ಬಳೇ ಕಾದು ಹಿಂಡು ಮಾಡಿದವಳು ಅವಳು.

ನವೆಂಬರ್ ನಡುವಿನಲ್ಲಿ ಒಂದು ಮಧ್ಯಾಹ್ನ ನನ್ನಲ್ಲಿಗೆ ಬಂದಳು. ಒಬ್ಬಳೇ ಬಂದಳು. ಕಾಫಿ ಕುಡಿದಳು, ನಮ್ಮಲ್ಲಿ ಅದರೊಳಗೆ ಹಾಕುವ ಚೀಸಿನ ತುಂಡನ್ನು ಚಮಚದಿಂದ ತೆಗೆದು ತಿಂದಳು. ಹೊರಡುವ ಹಾಗೆ ಎದ್ದು ಮತ್ತೆ ಕೂತಳು.

"ದೊಡ್ಡಪ್ಪ, ರೇಡಿಯೋದವರು ಇವತ್ತೂ ಮಳೆ ಅಂದ್ರು."

"ಅನ್ಲಿ ಬಿಡು."

"ಆ ಗುಲ್ಮನ ಸರಿಯಾಗಿ ನೋಡಿದ್ರಾ? ಎರಡೂ ತುದಿ?"

ಆಗ ಹೇಳಬಹುದಿತ್ತು. ಮನೆಯಲ್ಲಿ ಇದ್ದದ್ದು ನಾವಿಬ್ಬರು, ಒಂದು ನಾಯಿ. ನಾನು ಹೇಳಿದ್ದು ಬೇರೆ.

"ಮೂವತ್ತೊಂದು ವರ್ಷದಿಂದ ನೋಡ್ತಾ ಇದೀನಿ. ನಿಮ್ಮಪ್ಪ ಒಂದು ದಿನಾನೂ ಹಿಂಗೆ ಕೇಳಿದೋನಲ್ಲ."

ಅವಳು ತಪ್ಪಾಯಿತು ಎಂದಳು. ಮರುವಾರ ಹಿಂಡನ್ನು ಕಣಿವೆಗೆ ಇಳಿಸಿದಳು.

ಡಿಸೆಂಬರ್ ನಡುವಿನಲ್ಲಿ, ಲೂಸಿಯಾ ಹಬ್ಬದ ಮರುದಿನ ಮಳೆ ಹಿಡಿಯಿತು. ಎರಡು ಹಗಲು ಎರಡು ರಾತ್ರಿ ಸುರಿಯಿತು. ಮಾಡಿನಿಂದ ನೀರು ಬೀಳುವ ಸದ್ದು ಕೇಳುತ್ತಾ ಬೆಂಚಿನ ಮೇಲೆ ಕೂತಿದ್ದೆ. ಮೂರನೆಯ ದಿನ ಆಕಾಶ ತಿಳಿಯಾಗಿ ಎಲ್ಲವೂ ಗಾಜಾಯಿತು.

ಹೇಯ್ಕಾ ನನ್ನನ್ನು ತನ್ನ ಹಿಮದ ಸ್ಕೂಟರಿನ ಹಿಂದಿನ ಜಾರುಬಂಡಿಯಲ್ಲಿ ಕೂರಿಸಿಕೊಂಡು ಕಣಿವೆಗೆ ಹೋದ. ಬಿರೆತ್ ಕಬ್ಬಿಣದ ಹಾರೆಯಿಂದ ಮಂಜುಗಡ್ಡೆ ಒಡೆಯುತ್ತಿದ್ದಳು. ಒಂದು ಕಡೆ ಒಡೆದರೆ ನಾಲ್ಕು ಪ್ರಾಣಿಗಳು ಬಾಯಿ ಹಾಕುತ್ತಿದ್ದವು. ಉಳಿದವು ಮೂತಿಯನ್ನು ಗಡ್ಡೆಗೆ ಒತ್ತಿ ನಿಂತಿದ್ದವು. ಕೆಳಗೆ ಮೇವಿರುವ ವಾಸನೆ ಅವಕ್ಕೆ ಹತ್ತುತ್ತಿತ್ತು. ಗೊರಸಿನ ಸುತ್ತ ರಕ್ತ. ಅಷ್ಟು ಹತ್ತಿರದ್ದು ನನ್ನ ಕಣ್ಣಿಗೂ ಕಾಣಿಸಿತು. ಹಿಂಡನ್ನು ದಿಣ್ಣೆಗೆ ಹತ್ತಿಸಲು ಒಂಬತ್ತು ದಿನ ಬೇಕಾಯಿತು. ದಾರಿಯುದ್ದಕ್ಕೂ ಕರುಗಳು ಬಿದ್ದವು. ಎಷ್ಟು ಎಂದು ನಾನು ಕೇಳಲಿಲ್ಲ. ಎಷ್ಟಿವೆ ಎಂದೇ ನಮ್ಮಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ, ಎಷ್ಟು ಹೋದವು ಎಂದು ಹೇಗೆ ಕೇಳುವುದು?

ಕ್ರಿಸ್‌ಮಸ್ ಕಳೆದ ಮೇಲೆ ಒಣ ಚಳಿ ಬಂತು. ಗುಲ್ಮ ಹೇಳಿದ ಹಾಗೇ ಬಂತು.

ಜನವರಿಯಲ್ಲಿ ಬಿರೆತ್‌ಳ ಮನೆಗೆ ಹೋಗಿ ಎಲ್ಲ ಹೇಳಿದೆ. ಕಣ್ಣಿನ ವಿಷಯ, ರಕ್ತದ ತುಣುಕು, ದೀಪದ ಕೆಳಗೆ ನೋಡಿದ್ದು, ನಾಯಿಗೆ ಎಸೆದದ್ದು. ಅವಳು ಹರಿದ ಕೈಗವಸು ಹೊಲಿಯುತ್ತಿದ್ದಳು. ಸೂಜಿ ನಿಲ್ಲಿಸಲಿಲ್ಲ.

"ತಿರುಗಿಸಿ ಹಿಡ್ಕೊಂಡಿದ್ದು ನಾನು ನೋಡಿದ್ದೆ, ದೊಡ್ಡಪ್ಪ. ಕೈಲಿಟ್ಟೋಳು ನಾನೇ ಅಲ್ವಾ."

ಇನ್ನೊಂದು ಹೊಲಿಗೆ ಹಾಕಿದಳು.

"ಎಲ್ಲರ ಮುಂದೆ ಹೆಂಗೆ ಹೇಳೋದು? ನಿಮ್ಮ ಕಣ್ಣು ಹೋಗಿದೆ ಅಂತ ಸಾರಿದ ಹಂಗಾಗ್ತಿತ್ತು. ತೊಳೆಯೋವಾಗ ನಾನೇ ಎಲ್ಲೋ ಎಡವಟ್ಟು ಮಾಡ್ಕೊಂಡೆನೋ ಅಂತಾನೂ ಅನ್ನಿಸ್ತು. ಅದಕ್ಕೇ ಒಬ್ಬಳೇ ಬಂದು ಕೇಳ್ದೆ."

ದಾರವನ್ನು ಹಲ್ಲಿನಿಂದ ಕಡಿದಳು.

"ನೀವು ಅಪ್ಪನ ಹೆಸರೆತ್ತಿದ್ರಿ. ಅದರ ಮೇಲೆ ನಂಬದೆ ಇನ್ನೇನು ಮಾಡ್ಲಿ?"

ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಎದ್ದು ನನಗೆ ಕಾಫಿ ಬಗ್ಗಿಸಿದಳು. ಲೋಟ ಎಲ್ಲಿದೆಯೆಂದು ನನ್ನ ಕೈ ಹಿಡಿದು ತೋರಿಸಿದಳು.

ಮುಂದಿನ ಭಾನುವಾರ ನಾಲ್ಕೂ ಮನೆಯವರು ಸೇರಿದಾಗ ಅದನ್ನೇ ಅವರಿಗೂ ಹೇಳಿದೆ. ಹೇಯ್ಕಾ ಏನಾದರೂ ಚುಚ್ಚುತ್ತಾನೆಂದು ಕಾದೆ. ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತಿದ್ದ. ನನ್ನನ್ನು ಗೇಲಿ ಮಾಡಲೂ ಅವನಿಗೆ ಮನಸ್ಸಿರಲಿಲ್ಲ.

ಫೆಬ್ರವರಿಯಲ್ಲಿ ಬಿರೆತ್ ಉಳಿದ ಪ್ರಾಣಿಗಳನ್ನು ಹೇಯ್ಕಾನ ಹಿಂಡಿಗೆ ಸೇರಿಸಿದಳು. ಇಷ್ಟು ಕಡಿಮೆ ಸಾರಂಗಗಳ ಹಿಂದೆ ಒಬ್ಬರು ಬದುಕಲು ಆಗುವುದಿಲ್ಲ. ಕರಾವಳಿಯಲ್ಲಿ ಮೀನು ಸೀಳುವ ಕೆಲಸ ಗೊತ್ತುಮಾಡಿಕೊಂಡಳು. ಹೋಗುವ ದಿನ ನನ್ನ ಬಾಗಿಲಿಗೆ ಬಂದು, ಒಲೆಗೆ ಸೌದೆ ಒಳಗಿಟ್ಟಿದ್ದೇನೆ, ಕಣ್ಣು ತೋರಿಸಿಕೊಳ್ಳಲು ಹೇಯ್ಕಾ ಪಟ್ಟಣಕ್ಕೆ ಕರೆದುಕೊಂಡು ಹೋಗುತ್ತಾನೆ ಎಂದಳು. ಹೋಗಬೇಡ ಎನ್ನಲು ನನಗೆ ಮುಖವಿರಲಿಲ್ಲ. ಮಾರ್ಚ್ ಕೊನೆಯ ಮಾರಿಯಾ ಹಬ್ಬಕ್ಕೆ ಮುಂಚಿನ ಮಂಗಳವಾರ, ಹಾಲಿನ ಲಾರಿಯಲ್ಲಿ ಹೋದಳು.