ಅರಗಿನ ಮುದ್ರೆ ಬಿದ್ದ ಟೈರು

ನಾನು ಒಂದು ಜೀಪಿನ ಟೈರು. ಕಾರ್ಖಾನೆಯ ಅಚ್ಚಿನಿಂದ ಬಿಸಿಬಿಸಿಯಾಗಿ ಹೊರಬಿದ್ದ ಗಳಿಗೆಯಲ್ಲೇ ನನ್ನನ್ನು ಅನುಮಾನಿಸಿದರು. ಒಬ್ಬ ಗುದ್ದಿ ನೋಡಿದ, ಒಬ್ಬ ಒಳಗೆ ದೀಪ ಹಿಡಿದು ಇಣುಕಿದ. ಅಂದು ಕಲಿತ ಅನುಮಾನ ನನ್ನನ್ನು ಇನ್ನೂ ಬಿಟ್ಟಿಲ್ಲ. ನೆಲದ ಮಟ್ಟದಿಂದ ನೋಡುವ ನನಗೆ ಮನುಷ್ಯರ ಮುಖಕ್ಕಿಂತ ಮೊದಲು ಕಾಲು ಕಾಣುತ್ತದೆ. ಬೂಟುಗಾಲು ಹತ್ತಿರ ಬಂದರೆ ಈಗಲೂ ಮೈ ಬಿಗಿಯುತ್ತದೆ.

ಬೆಟ್ಟದ ಮೇಲೆ ಸೋಲಿಗರ ಒಂದು ಪುಟ್ಟ ಹಟ್ಟಿ; ಅವರ ಮಾತಲ್ಲಿ ಪೋಡು. ಆ ಪೋಡಿಗೆ ರೇಷನ್ ಹೊರುವ ಜೀಪಿಗೆಂದೇ ನಮ್ಮನ್ನು ನಾಲ್ವರನ್ನು ಕೊಂಡಿದ್ದರು. ಗುತ್ತಿಗೆದಾರ ನಮ್ಮನ್ನು ಮೊದಲು ತೊಡಿಸಿದ್ದು ಮಾತ್ರ ತನ್ನ ಮನೆಯ ಗಾಡಿಗೆ. ಎರಡು ವರ್ಷ ಟಾರು ರಸ್ತೆಯಲ್ಲಿ ಬೀಗರೂಟ, ನಾಮಕರಣ ಎಂದು ಓಡಾಡಿಸಿ, ನೆಲ ಹಿಡಿಯುವ ಮೈಮೇಲಿನ ಬಟನ್ನು ಅರ್ಧ ಸವೆದ ಮೇಲೆ ಬೆಟ್ಟಕ್ಕೆ ಬಿಟ್ಟ. ಹೊಸದನ್ನು ಕೆಳಗಿನವರೇ ಸವೆಸಬೇಕು, ಸವೆದದ್ದು ಮೇಲಿನ ಪೋಡಿಗೆ.

ಅಲ್ಲಿ ನನ್ನನ್ನು ಓಡಿಸಿದವನು ಅದೇ ಪೋಡಿನ ಕೇತೇಗೌಡ. ಬರಿಗಾಲಿನವನು. ದಾರಿಯಲ್ಲಿ ಆನೆಬಂಡೆ ಎಂಬ ಕಡಿದಾದ ಕಲ್ಲಿನ ಏರು ಬರುತ್ತದೆ. ಅದರ ಬುಡದಲ್ಲಿ ಅವನು ಜೀಪು ನಿಲ್ಲಿಸಿ, ನನ್ನ ಪಕ್ಕ ಎಡಗೈಯ ನಾಲ್ಕು ಬೆರಳು ನೆಲಕ್ಕೂರುತ್ತಿದ್ದ. ನನ್ನ ಹೊಟ್ಟೆ ಉಬ್ಬಿ ಮೊದಲ ಬೆರಳಿಗೆ ತಾಗುವವರೆಗೆ ಗಾಳಿ ಬಿಡುತ್ತಿದ್ದ. ಅದೇ ಅವನ ಮೀಟರು. ಮೆತ್ತಗಾದ ನಾನು ಕಲ್ಲನ್ನು ಅಂಗೈಯಂತೆ ಹಿಡಿಯುತ್ತಿದ್ದೆ. ಅವನು ಕಲ್ಲು ತಪ್ಪಿಸುತ್ತಿರಲಿಲ್ಲ, ನನ್ನನ್ನು ಅದರ ನೆತ್ತಿಗೇ ಹತ್ತಿಸುತ್ತಿದ್ದ. ಇಳಿಯುವಾಗ ಬ್ರೇಕು ತುಳಿಯದೆ ಮೊದಲ ಗೇರಿನಲ್ಲೇ ಇಳಿಸುತ್ತಿದ್ದ. ಟಾರು ಮುಟ್ಟಿದ ಮೇಲೆ ಕಾಲುಪಂಪು ತುಳಿದು ಮತ್ತೆ ಗಾಳಿ ತುಂಬುತ್ತಿದ್ದ.

ಗೋದಾಮಿನ ಮೇಲ್ವಿಚಾರಕ, ಬೂಟುಗಾಲಿನ ಪರಶಿವಯ್ಯ ಒಂದು ದಿನ ಇದನ್ನು ಕಣ್ಣಾರೆ ಕಂಡ.

"ಗಾಳಿ ಯಾಕಲಾ ಬುಡ್ತಿದ್ದೀಯೆ? ಟ್ರಿಪ್ ತಪ್ಪಿಸ್ಕಳಕ್ಕೆ ಹೂಡಿರೊ ಆಟವಾ?"

"ಟೈರು ಕಲ್ನ ತಬ್ಬಬೇಕು ಬುದ್ದಿ. ಗಟ್ಟಿ ಇದ್ರೆ ಪುಟಿತದೆ, ಹಿಡಿಯಲ್ಲ."

"ನಂಗೇ ಪಾಠ ಹೇಳ್ಕೊಡು."

ಮಾರನೆಯ ದಿನ ನಮ್ಮ ನಾಲ್ವರಿಗೂ ಗಾಳಿ ಬಿರಿಯುವಷ್ಟು ತುಂಬಿಸಿದ. ಗಾಳಿಮೂತಿಯ ಮುಚ್ಚಳಕ್ಕೆ ದಾರ ಸುತ್ತಿಸಿ, ಗೋದಾಮಿನ ಬೀಗಕ್ಕೆ ಒತ್ತುವ ಅರಗಿನ ಮುದ್ರೆಯನ್ನೇ ಅದರ ಮೇಲೆ ಒತ್ತಿಸಿದ. ಮುದ್ರೆ ಒಡೆದರೆ ಕೆಲಸವಿಲ್ಲ ಎಂದ. ಟೈರಿಗೂ ಬೀಗಮುದ್ರೆ. ಸೋಲಿಗನ ಕೈಗೆ ಗಾಳಿಯನ್ನೂ ನಂಬಿ ಕೊಡಲಾರದ ಜನ.

ಅದೇ ವಾರ ಪೋಡಿನ ಜಡಿಯಮ್ಮನ ಸೊಸೆಗೆ ಹೆರಿಗೆ ನೋವು ಕಾಣಿಸಿತು. ಖಾಲಿ ಜೀಪು ಆನೆಬಂಡೆಯಲ್ಲಿ ಮೂರು ಸಲ ಜಾರಿ, ಹೇಗೋ ಮೇಲೆ ಹತ್ತಿತು. ಅವಳನ್ನು ಕೂರಿಸಿಕೊಂಡು ಇಳಿಯುವಾಗ ನಾನು ಸೋತೆ. ಕಲ್ಲು ಹಿಡಿಯಲು ಹೋದೆ, ಪುಟಿದೆ. ಹಿಂಬದಿ ಅಡ್ಡಕ್ಕೆ ಸರಿದು, ಚೂಪುಗಲ್ಲೊಂದು ನನ್ನ ಪಕ್ಕೆಯನ್ನು ಗೇಣುದ್ದ ಸೀಳಿತು. ಜೀಪು ಬಂಡೆಯ ಅಂಚಿನಲ್ಲಿ ನಿಂತಿತು.

ಜಡಿಯಮ್ಮ ಇಳಿದು ಸೊಂಟದ ಚೀಲದಿಂದ ಅಡಕತ್ತರಿ ತೆಗೆದಳು.

"ಮುದ್ರೆ ಒಡುದ್ರೆ ಕೆಲ್ಸ ಹೋಯ್ತದೆ ಕನತ್ತೆ," ಎಂದ ಕೇತೇಗೌಡ.

"ಒಡುದ್ದು ನಾನು ಅಂತ ಹೇಳು. ನನ್ ಕೆಲ್ಸ ಯಾರ್ ಕಿತ್ಕಂಡರು ನೋಡಮ."

ಉಳಿದ ಮೂವರ ಮುದ್ರೆ ಒಡೆದಳು. ನನ್ನ ಜಾಗಕ್ಕೆ ಸ್ಟೆಪ್ನಿ ಬಂತು. ನಾಲ್ಕು ಬೆರಳಿನ ಅಳತೆಗೆ ಗಾಳಿ ಇಳಿಯಿತು, ಜೀಪು ಇಳಿಯಿತು. ಆಸ್ಪತ್ರೆಯಲ್ಲಿ ಹೆಣ್ಣುಕೂಸು ಹುಟ್ಟಿತು. ಬಂಡೆಯಿಂದ ಹೊರಡುವ ಮುಂಚೆಯೇ ಮುದುಕಿ ಜೊತೆಗೆ ಬಂದಿದ್ದ ಪೋಡಿನವರಿಗೆ ನನ್ನನ್ನು ತೋರಿಸಿ ಹೇಳಿದ್ದಳು: "ಇದ ಪೋಡ್ಗೆ ಉರುಳಿಸ್ಕಂಡು ಹೋಗಿ. ಇದ್ರ ಅರಗು ಹಂಗೇ ಅದೆ. ಕೆಳಕ್ಕೋದ್ರೆ ಉಳಿಯಲ್ಲ."

ಅವಳ ಅನುಮಾನ ಸುಳ್ಳಾಗಲಿಲ್ಲ. ಗಾಳಿ ಇಳಿಸಿ ಓಡಿಸಿದ್ದಕ್ಕೇ ಟೈರು ಹರಿಯಿತೆಂದು ಪರಶಿವಯ್ಯ ವರದಿ ಬರೆದ. ಕೇತೇಗೌಡನ ಕೆಲಸ ಹೋಯಿತು. ಹೊಸ ಡ್ರೈವರ್ ಆನೆಬಂಡೆ ಹತ್ತಲಾರದೆ ಬುಡದಲ್ಲೇ ಅಕ್ಕಿ ಇಳಿಸಿ ಹೋದ. ಪೋಡಿನ ಹೆಂಗಸರು ಅದನ್ನು ತಲೆಮೇಲೆ ಹೊತ್ತರು. ಎಲ್ಲರೂ ತಹಸೀಲ್ದಾರರಿಗೆ ಅರ್ಜಿ ಕೊಟ್ಟರು.

ತನಿಖೆಯ ಸುದ್ದಿ ಬಂದಿದ್ದೇ ತಡ, ಬೂಟುಗಾಲು ನಡೆದುಕೊಂಡೇ ಪೋಡಿಗೆ ಬಂತು. ಹಿಂದೆ ಕೂಲಿಯವನ ಹೆಗಲ ಮೇಲೆ ಹೊಸ ಟೈರು.

"ಅಜ್ಜಿ, ಹಳೇದು ಕೊಟ್ಟು ಹೊಸ್ದು ಮಡಿಕೊ. ಕೇತನ ಕೆಲ್ಸನೂ ನೋಡಮ."

"ಹರುದೋದ ಟೈರ್ ಮ್ಯಾಲ ಇಷ್ಟು ಪಿರುತಿ ಯಾಕಪ್ಪ?" ಎಂದು ಜಡಿಯಮ್ಮ ನನ್ನ ಮೇಲೇ ಕುಳಿತಳು. ಅವನು ಹೋಗುವವರೆಗೂ ಏಳಲಿಲ್ಲ.

ತಹಸೀಲ್ದಾರ್ ಮೇಡಂ ಬಂದ ದಿನ ಅವರ ಜೀಪೂ ಆನೆಬಂಡೆಯಲ್ಲಿ ಸಿಕ್ಕಿಕೊಂಡಿತು. ಚಕ್ರ ಗಿರಗಿರನೆ ತಿರುಗಿ, ಸುಟ್ಟ ರಬ್ಬರಿನ ವಾಸನೆ ಮೇಲಿದ್ದ ನನ್ನವರೆಗೂ ಬಂತು. ಕೇತೇಗೌಡ ಇಳಿದುಹೋದ.

"ಇದ್ಕೆ ಮುದ್ರೆ ಹಾಕಿಲ್ವಾ ಮೇಡಂ?"

"ಟೈರಿಗಾ? ಟೈರಿಗೆ ಯಾರ್ ರೀ ಮುದ್ರೆ ಹಾಕ್ತಾರೆ?"

ಅವನು ನಾಲ್ಕು ಬೆರಳು ನೆಲಕ್ಕೂರಿದ. ಗಾಳಿ ಇಳಿಸಿ ತಾನೇ ಸ್ಟೀರಿಂಗ್ ಹಿಡಿದ. ಹಲ್ಲಿ ಗೋಡೆ ಹತ್ತಿದಂತೆ ಜೀಪು ಹತ್ತಿ ಬಂತು. ಮೇಡಂ ಇಳಿದವರೇ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ಪಕ್ಕೆಯ ಸೀಳು ಮುಟ್ಟಿ, ಆಮೇಲೆ ಗಾಳಿಮೂತಿ ನೋಡಿದರು. ಗೋದಾಮಿನ ಮುದ್ರೆ ಬಿರುಕು ಬಿಡದೆ ಕೂತಿತ್ತು. ಬಿಡದ ಗಾಳಿಗೆ ಒಬ್ಬನ ಕೆಲಸ ತೆಗೆದಿದ್ದರು.

ಸೋಮವಾರ ಕೇತೇಗೌಡ ಮತ್ತೆ ಸೀಟಿಗೆ ಬಂದ. ಪರಶಿವಯ್ಯನನ್ನು ಬೇರೆ ಗೋದಾಮಿಗೆ ಕಳಿಸಿದರಂತೆ. ಅಲ್ಲಿ ಯಾವುದಕ್ಕೆ ಅರಗು ಕಾಯಿಸುತ್ತಿದ್ದಾನೋ.

ಸಾಕ್ಷಿಗೆಂದು ನನ್ನನ್ನು ಒಯ್ಯಲು ಮೇಡಂ ಕೇಳಿದ್ದರು. "ಪೋಟೊ ತಕ್ಕಳಿ ತಾಯಿ. ಟೈರು ಇಲ್ಲೇ ಇರ್ತದೆ," ಎಂದಳು ಜಡಿಯಮ್ಮ.

ಹಾಗಾಗಿ ಅವಳ ಗುಡಿಸಲ ಮುಂದೆ ಇದ್ದೇನೆ. ಇನ್ನು ನಾನು ಉರುಳುವುದಿಲ್ಲ. ಸಂಜೆ ಅವಳು ಮೊಮ್ಮಗಳನ್ನೆತ್ತಿಕೊಂಡು ನನ್ನ ಮೇಲೆ ಕೂರಲು ಬರುತ್ತಾಳೆ. ಕೂರುವ ಮುಂಚೆ ಬಗ್ಗಿ, ಅರಗು ಇದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾಳೆ. ದಿನವೂ.