ಕೊಟ್ರಬಸಮ್ಮ ಹೇಳಿದ ಸುಳ್ಳು

ಕೊಟ್ರಬಸಮ್ಮ ಸ್ಟೋವಿಗೆ ಗಾಳಿ ಹೊಡೆಯುತ್ತಿದ್ದಾಗ ಗಂಡನ ಅಕ್ಕ ಈರಕ್ಕ ಬಂದು ಕೈ ಹಿಡಿದಳು.

“ಪಡಸಾಲ್ಯಾಗ ಹೆಣ ಕುಂತೈತಿ, ನೀನು ಒಲಿ ಹಚ್ಚಾಕತ್ತಿಯಲ್ಲ. ಮಂದಿ ಏನಂದಾರು?”

ಕೊಟ್ರಬಸಮ್ಮ ಪಾತ್ರೆಯೊಳಗೆ ನೋಡಿದಳು. ನೀರಿನಲ್ಲಿ ಗಂಡನ ಗಂಟಲಿನ ತೂತಿನಲ್ಲಿ ಉಸಿರಾಟಕ್ಕೆ ಇಡುತ್ತಿದ್ದ ಸ್ಟೀಲ್ ನಳಿಗೆ ಬಿದ್ದಿತ್ತು. ಐದು ವರ್ಷ ದಿನಾ ಬೆಳಿಗ್ಗೆ ಅದನ್ನು ತೆಗೆದು, ಕುದಿಸಿ, ಮತ್ತೆ ಹಾಕಿದ್ದಳು. ರೋಗ ಶ್ವಾಸಕೋಶಕ್ಕೆ ಇಳಿದು ಹಾಲೇಶಪ್ಪ ನಸುಕಿನಲ್ಲಿ ಸತ್ತಿದ್ದ. ಅತ್ತಿದ್ದಾಯಿತು, ಓಣಿಯವರಿಗೆ ತಿಳಿಸಿದ್ದಾಯಿತು. ಆಮೇಲೆ ಕೈ ಅದರಷ್ಟಕ್ಕೆ ಹೋಗಿ ನಳಿಗೆ ತೆಗೆದುಕೊಂಡು ಬಂದಿತ್ತು.

“ಗೊತ್ತಾಗಲಿಲ್ಲಕ್ಕ,” ಅಂದಳು.

“ನಿನಗ ಯಾವಾಗ ಗೊತ್ತಾಗೈತಿ? ನನ್ನ ತಮ್ಮನ ದನಿ ತೆಗೆಸುವಾಗರ ಗೊತ್ತಾಗಿತ್ತೇನು?”

ಪಡಸಾಲೆಯಲ್ಲಿ ಹಾಲೇಶಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಗೋಣು ವಾಲದಂತೆ ಗದ್ದಕ್ಕೂ ತಲೆಗೂ ಸೇರಿಸಿ ಬಿಳಿ ಬಟ್ಟೆ ಕಟ್ಟಿ ಗೋಡೆಯ ಮೊಳೆಗೆ ಬಿಗಿದಿದ್ದರು. ಮಠದ ಅಯ್ಯನವರು ಕೊರಳಲ್ಲಿ ಲಿಂಗ ಹುಡುಕಿ ತಲೆ ಎತ್ತಿದರು.

“ಲಿಂಗ ಎಲ್ಲೈತ್ರಿ?”

“ತೋಳಿನ ರಟ್ಟಿಗೆ ಕಟ್ಕೊಂತಿದ್ನಿರಿ,” ಅಂದ ಪಕ್ಕದ ಮನೆಯ ರಾಜಾಸಾಬ್. ಸೈಕಲ್ ಶಾಪಿನವ, ಹಾಲೇಶಪ್ಪನ ಓರಗೆಯವ. “ಕೊಳ್ಳಾಗ ದಾರ ತಾಗಿದ್ರ ತಾಸುಗಟ್ಲೆ ಕೆಮ್ಮತಿದ್ದ.”

“ಹಂಗಂದ್ರ ಹೆಂಗ? ಲಿಂಗ ಎದಿ ಮ್ಯಾಗ ಇರಬೇಕು.”

“ಈಗ ಕಟ್ರಿ ಅಯ್ಯನೋರ. ಇನ್ನ ಕೆಮ್ಮಲ್ಲ ಅವ.”

ಒಬ್ಬಿಬ್ಬರು ನಕ್ಕರು. ರಾಜಾಸಾಬನೂ ನಕ್ಕ, ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡ. “ಹೂವಿನ ಸವಾಲು ಕೂಗತಿದ್ನಲ್ಲ, ಇವನ ದನಿಗೆ ಅತ್ತ ಸೋಗಿ ಊರಾಗಿನ ಎತ್ತು ಬೆದರತಿದ್ವು.”

*

ಹಡಗಲಿಯ ಹೂವಿನ ಮಾರುಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷ ಮಲ್ಲಿಗೆಯ ಹರಾಜು ಕೂಗಿದವನಿಗೆ ದನಿ ಒಡೆದದ್ದು ರೋಗ ಅನ್ನಿಸಲಿಲ್ಲ. ಎಂಟು ತಿಂಗಳು ಮೆಣಸು ಜೇನು ನೆಕ್ಕಿದ, ಬೀಡಿಯನ್ನೂ ಸೇದಿದ. ನೀರು ಇಳಿಯದಾದಾಗ ದಾವಣಗೆರೆಗೆ ಹೋದರು. ಗಂಟಲಿಗೆ ಕೊಳವೆ ಇಳಿಸಿ, ಚೂರು ತೆಗೆದು ನೋಡಿ, ಕ್ಯಾನ್ಸರ್ ಅಂದರು. ಮೂವತ್ತು ಸಲ ರೇಡಿಯೇಷನ್ ಕರೆಂಟು ಕೊಟ್ಟರು. ಕೊರಳ ಚರ್ಮ ಸುಟ್ಟ ಬದನೆಕಾಯಿಯಂತಾಯಿತು, ಬಾಯಲ್ಲಿ ಜೊಲ್ಲು ಬತ್ತಿತು. ರೋಗ ಮಾತ್ರ ಹೋಗಲಿಲ್ಲ. ದನಿಪೆಟ್ಟಿಗೆಯನ್ನು ಪೂರಾ ತೆಗೆಯಬೇಕು ಅಂದಾಗ ಹಾಲೇಶಪ್ಪ ಗೋಡೆಯ ಕಡೆ ತಿರುಗಿ ಮಲಗಿದ. ಡಾಕ್ಟರು ಹೇಳುವುದನ್ನು ಕೇಳಲೂ ಒಪ್ಪಲಿಲ್ಲ. ಅವರು ಕೊಟ್ರಬಸಮ್ಮನನ್ನು ಹೊರಗೆ ಕರೆದು ಎಲ್ಲ ಹೇಳಿದರು.

“ಏನಂದ್ರು?” ಅವಳು ಒಳಗೆ ಬಂದಾಗ ಪಿಸುಗುಟ್ಟಿದ.

“ಆರು ತಿಂಗಳಿಗೆ ದನಿ ಬರ್ತತಂತ.”

ಸಹಿ ಹಾಕಿದ.

ಆಪರೇಷನ್ ಆಗಿ ಏಳನೇ ತಿಂಗಳು ತಪಾಸಣೆಗೆ ಹೋದಾಗ ಸ್ಲೇಟಿನ ಮೇಲೆ ಬರೆದು ಡಾಕ್ಟರನ್ನು ತಾನೇ ಕೇಳಿದ. ಅವರು ಕೊಟ್ರಬಸಮ್ಮನ ಮುಖ ನೋಡಿದರು. ಬಸ್ಸು ಹರಪನಹಳ್ಳಿ ದಾಟಿ ಹಡಗಲಿ ಮುಟ್ಟುವವರೆಗೂ ಅವನು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಆಮೇಲೆ ಒಂದು ವರ್ಷ ಸ್ಲೇಟನ್ನು ಮಗಳಿಗೆ ತೋರಿಸಿದ, ರಾಜಾಸಾಬನಿಗೆ ತೋರಿಸಿದ, ಹೆಂಡತಿಗೆ ತೋರಿಸಲಿಲ್ಲ. ಬೆಳಿಗ್ಗೆ ನಳಿಗೆ ತೊಳೆಯುವ ಹೊತ್ತಿಗೆ ಮಾತ್ರ ಬಂದು ಎದುರಿಗೆ ಕೂರುತ್ತಿದ್ದ.

*

ಹನ್ನೊಂದರ ಸುಮಾರಿಗೆ ಕೂಡ್ಲಿಗಿ ಕಡೆಯಿಂದ ಗಂಡ ಹೆಂಡತಿ ಬಂದರು. ಗಂಡನ ಕೊರಳಿಗೆ ಬಿಸಿಲಲ್ಲೂ ಮಫ್ಲರ್. ಹೆಣ ಕಂಡು ಬಾಗಿಲಲ್ಲೇ ನಿಂತುಬಿಟ್ಟರು. ರಾಜಾಸಾಬ್ ವಿಚಾರಿಸಿದ. ಅವನ ಹೆಸರು ಓಬಳೇಶಪ್ಪ, ಸಂತೆಗಳಲ್ಲಿ ಕೂಗಿ ಬಟ್ಟೆ ಮಾರುವವ. ಅದೇ ರೋಗ, ಅದೇ ಡಾಕ್ಟರು. ಆಪರೇಷನ್ ಮಾಡಿಸಿಕೊಂಡವನನ್ನು ಒಮ್ಮೆ ನೋಡಿ ಬಾ ಎಂದು ವಿಳಾಸ ಬರೆದುಕೊಟ್ಟಿದ್ದರು.

“ಚಲೋ ದಿನ ನೋಡಿ ಬಂದ್ರಿ,” ಅಂದಳು ಈರಕ್ಕ. “ಅಲ್ಲಿ ಕುಂತಾನ ನೋಡ್ರಿ. ಕೊಯ್ಸಿಗೆಂಡ್ರ ಹಿಂಗ ಆಕ್ಕತಿ.”

“ಸುಮ್ನಿರಬೇ,” ಅಂದ ರಾಜಾಸಾಬ್. “ಕೊಯ್ಸದಿದ್ರ ಐದು ವರ್ಷದ ಹಿಂದನ ಹಿಂಗ ಕುಂದ್ರತಿದ್ದ.”

ಓಬಳೇಶಪ್ಪನ ಹೆಂಡತಿ ಪಕ್ಕೀರಮ್ಮ ಕೊಟ್ರಬಸಮ್ಮನನ್ನು ಬಚ್ಚಲ ಕಡೆ ಕರೆದಳು.

“ಯಕ್ಕಾ, ಇಂಥಾ ಹೊತ್ತಿನ್ಯಾಗ ಕೇಳಬಾರದು. ದನಿ ತಿರುಗಿ ಬರ್ತತೇನಂತ ಕೇಳತಾರ ನಮ್ಮನಿಯವ್ರು. ಬರ್ತತಿ ಅಂದುಬಿಡ್ರಿ. ಇಲ್ಲಾಂದ್ರ ಒಪ್ಪಲ್ಲ. ಎರಡು ಹೆಣ್ಣುಮಕ್ಳದಾವ ನಂಗ.”

ಕೊಟ್ರಬಸಮ್ಮ ಅವಳ ಮುಖ ನೋಡಿದಳು. ದಾವಣಗೆರೆಯ ಆಸ್ಪತ್ರೆಯಲ್ಲಿ ತನ್ನದೂ ಇದೇ ಮುಖ ಇದ್ದಿರಬೇಕು.

ಅಷ್ಟರಲ್ಲಿ ಅಯ್ಯನವರು ಕರೆದರು. ಹೆಂಡತಿ ಕೊನೆಯ ಸಲ ವಿಭೂತಿ ಹಚ್ಚಬೇಕಿತ್ತು. ನೀರಿನಲ್ಲಿ ಕಲಸಿದ ವಿಭೂತಿಯನ್ನು ಗಂಡನ ಹಣೆಗೆ, ತೋಳಿಗೆ, ಎದೆಗೆ ಮೂರು ಬೆರಳಿನಿಂದ ಎಳೆದಳು. ತಿರುಗಿದಾಗ ಓಬಳೇಶಪ್ಪ ಹಿಂದೆಯೇ ನಿಂತಿದ್ದ.

“ದನಿ ಬರ್ತತೇನ್ರಿ?” ಗಾಳಿ ಸೋರಿದಂತೆ ಕೇಳಿದ.

ಅವನ ಬೆನ್ನ ಹಿಂದೆ ಪಕ್ಕೀರಮ್ಮ ಕೈ ಮುಗಿದು ನಿಂತಿದ್ದಳು.

“ಬರಲ್ಲ,” ಅಂದಳು ಕೊಟ್ರಬಸಮ್ಮ.

ಈರಕ್ಕ ಮುಂದೆ ಬಂದಳು. “ಅವತ್ತು ನನ್ನ ತಮ್ಮಗ ಹಿಂಗ ಹೇಳಿದ್ಯೇನು?”

“ಇಲ್ಲಕ್ಕ. ಸುಳ್ಳು ಹೇಳಿದೆ. ಖರೇ ಹೇಳಿದ್ರ ಇವರು ಸಹಿ ಹಾಕ್ತಿರಲಿಲ್ಲ. ಆ ಸುಳ್ಳು ಇವರು ಮರೀಲಿಲ್ಲ.” ಓಬಳೇಶಪ್ಪನ ಕಡೆ ತಿರುಗಿದಳು. “ಹೂವು ಮೂಗಿಗೆ ಹಿಡಿದ್ರೂ ವಾಸನಿ ಬರಲ್ಲ. ಜಳಕ ಮಾಡುವಾಗ ನೀರು ತೂತಿಗೆ ಹೋಗಬಾರದು. ಕೆಮ್ಮಿದ್ರ ಕಫ ಅಲ್ಲಿಂದನ ಬರ್ತತಿ, ಮಂದಿ ಎದ್ದು ಹೋಕ್ಕಾರ. ಚಾದಂಗಡ್ಯಾಗ ಇವರ ಗ್ಲಾಸು ಬ್ಯಾರೆ ಇಟ್ಟಿದ್ರು. ರೊಟ್ಟಿ ಸಾರಿನ್ಯಾಗ ನೆನಸಿ ಉಣ್ಣಬೇಕು.”

“ಮತ್ತ ಯಾಕ್ರಿ...”

“ಮಗಳ ಲಗ್ನಕ್ಕ ಇದ್ರು. ಮಾರ್ಕೆಟ್ಟಿಗೆ ತಿರುಗಿ ಹೋಗಿ ತಕ್ಕಡಿ ಹಿಡಿದ್ರು. ಒಂದು ವರ್ಷ ಪೂರಾ ನನ್ನ ಮ್ಯಾಲೆ ಸಿಟ್ಟು ಮಾಡಿದ್ರು. ಅದಕ್ಕೂ ಉಸುರು ಬೇಕಲ್ಲಪ.”

ಓಬಳೇಶಪ್ಪ ಹೆಣದ ಕಡೆ ನೋಡಿದ.

“ಎಲ್ಲಿ ಕೊರೀತಾರ?”

ಅವಳು ಅವನ ಮಫ್ಲರ್ ಸರಿಸಿ ಕೊರಳ ಬುಡದ ಕುಳಿಯ ಮೇಲೆ ಬೆರಳಿಟ್ಟಳು. “ಇಲ್ಲಿ.”

ಬೆರಳು ತೆಗೆದಾಗ ಅಲ್ಲೊಂದು ಬಿಳಿ ಬೊಟ್ಟು ಉಳಿದಿತ್ತು. ಹೆಣಕ್ಕೆ ಹಚ್ಚಿದ ವಿಭೂತಿ. ಪಕ್ಕೀರಮ್ಮ ಸೆರಗು ಹಿಡಿದು ಒರೆಸಲು ಬಂದಳು. ಓಬಳೇಶಪ್ಪ ಅವಳ ಕೈ ಹಿಡಿದುಕೊಂಡ. ಅವನು ಉಸಿರೆಳೆದಂತೆಲ್ಲ ಬೊಟ್ಟು ಕುಳಿಯೊಳಗೆ ಹೋಗಿ ಹೊರಗೆ ಬರುತ್ತಿತ್ತು.