ಪಾಸಮ್ಮ

"ಗುದ್ದಲಿ ಬಿಡವ್ವ ಮೀನಾ," ಅಂದರು ಪರಮಶಿವಪ್ಪ.

ಮೀನಾ ಬಿಡಲಿಲ್ಲ. ಗುಣಿ ತೋಡಲು ಹೊರಟವನ ಹೆಗಲಿನಿಂದ ಅದನ್ನು ಕಿತ್ತುಕೊಂಡು, ಕಾವನ್ನು ಎರಡೂ ಕೈಯಲ್ಲಿ ಹಿಡಿದು ಅಂಗಳದ ನಡುವೆ ನಿಂತುಬಿಟ್ಟಿದ್ದಳು. ಅವಳ ಹಿಂದೆ, ಜಗಲಿಯ ಮೇಲೆ, ಅವಳ ಅಪ್ಪ ಪುಟ್ಟಪ್ಪನನ್ನು ಕಂಬಕ್ಕೆ ಒರಗಿಸಿ ಕೂರಿಸಿದ್ದರು. ಹಣೆಗೆ ಭಂಡಾರ, ತಲೆಗೆ ಹೊಸ ರುಮಾಲು. ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿದ್ದ. ವಯಸ್ಸಾಗಿತ್ತು, ನರಳಿರಲಿಲ್ಲ. ಹಾಗಾಗಿ ಬಂದವರು ಅಳುವುದಕ್ಕಿಂತ ಮಾತಾಡುವುದೇ ಹೆಚ್ಚಾಗಿತ್ತು.

"ಊರ ಮಸಣದಾಗೆ ಬೇಕಾದಷ್ಟು ಜಾಗ ಐತೆ. ನಿಮ್ಮ ದೊಡ್ಡಪ್ಪನ ಪಕ್ಕದಾಗೆ ತೋಡಿದ್ರೆ ಆಯ್ತು." ಊರಿನಲ್ಲಿ ಯಾರು ಸತ್ತರೂ ಮುಂದೆ ನಿಂತು ನಡೆಸುವವರು ಪರಮಶಿವಪ್ಪನೇ.

"ದೊಡ್ಡಪ್ಪನ ಪಕ್ಕ ಯಾಕೆ? ಬದುಕಿದ್ದಾಗ ಇಬ್ರಿಗೂ ಮಾತೇ ಇರ್ಲಿಲ್ಲ. ನಮ್ಮವ್ವನ ಪಕ್ಕ ತೋಡ್ಸಿ."

"ಅದು ಯೂನಿವರ್ಸಿಟಿ ಕಾಂಪೌಂಡ್ ಒಳಗೈತಲ್ಲವ್ವ!"

"ಅವ್ರನ್ನ ಕೇಳಾಣ. ಕೇಳಿದ್ರೆ ನುಂಗ್ತಾರಾ?"

ಅಣ್ಣ ಶಿವಶಂಕರ ಕುರಿ ದೊಡ್ಡಿಯ ಕಡೆಯಿಂದ ಕೈ ಒರೆಸಿಕೊಳ್ಳುತ್ತ ಬಂದ. "ಮೆತ್ತಗೆ ಮಾತಾಡು ಮೀನಾ. ಅವ್ವನ ಗುಡ್ಡೆ ಮೇಲಿನ ಕಲ್ಲು ದೇವ್ರು ಅಂತ ಅವ್ರು ತಿಳ್ಕೊಂಡಿರೋ ತನಕ ಅವ್ವ ಅಲ್ಲಿರ್ತಾಳೆ. ಹೆಣ ಹೂತಿರೋ ಜಾಗ ಅಂತ ಗೊತ್ತಾದ್ರೆ ಎತ್ತಿ ಬೇರೆ ಕಡೆ ಹಾಕ್ತಾರೆ. ಅಪ್ಪ ಇಷ್ಟು ವರ್ಷ ಬಾಯಿ ಬಿಡದೆ ಕಾಪಾಡಿದ್ದನ್ನ ಇವತ್ತು ಹಾಳು ಮಾಡ್ಬೇಡ."

"ಕಾಪಾಡಿದ್ದಾ? ಹೆಸ್ರೇ ಇಲ್ದಂಗೆ ಇಟ್ಟ ಮಾರಾಯ. ಹೆತ್ತವ್ವನ ಗುಡ್ಡೆ ಮೇಲೆ ಕಂಡೋರ ಮಕ್ಳು ಕುಂಕುಮ ಹಚ್ತಾರೆ. ನಾನು ಹೋಗಿ ಕೂತ್ರೆ, 'ಆಂಟಿ, ನಿಮ್ಮ ಮಗಳಿಗೂ ಎಕ್ಸಾಮಾ?' ಅಂತಾರೆ."

ಮದುವೆಯಾಗಿ ಸೊರಬಕ್ಕೆ ಹೋದ ಮೇಲೆ ಮೀನಾಳ ಮಾತಿಗೆ 'ಮಾರಾಯ' ಸೇರಿಕೊಂಡಿತ್ತು. ಸಿಟ್ಟು ಮಾತ್ರ ತವರಿನದೇ.

ಯೂನಿವರ್ಸಿಟಿ ಗೇಟಿನ ಎದುರು ಜೆರಾಕ್ಸ್ ಅಂಗಡಿ ಇಟ್ಟಿರುವ ವಲೀಸಾಬ್ ಎರಡು ಪ್ಲಾಸ್ಟಿಕ್ ಕುರ್ಚಿ ತಂದು ಅಂಗಳದಲ್ಲಿ ಹಾಕಿದ. ಪುಟ್ಟಪ್ಪನ ಹಳೆಯ ಗೆಳೆಯ. ಶಿಕಾರಿಪುರದಿಂದ ದಿನಾ ಬಂದು ಹೋಗುವವನು. "ಡೈರೆಕ್ಟರ್ ಸಾಹೇಬ್ರು ಹಾರ ತಗೊಂಡು ಬರ್ತಾರಂತೆ. ಪರೀಕ್ಷೆ ಶುರು ಮಾಡ್ಸಿ ಬರ್ತೀನಿ ಅಂದ್ರು. ಅಲ್ಲಿ ತನಕ ಗುದ್ದಲಿ ಯಾರ ಕೈಯಾಗಿದ್ರೂ ಒಂದೇ. ಮಗಳ ಹತ್ರಾನೇ ಇರ್ಲಿ ಬಿಡ್ರಿ."

*

ಪುಟ್ಟಪ್ಪನ ಹೆಂಡತಿ ಮಾಳಮ್ಮ ಕ್ಯಾಸನೂರು ಕಡೆಯವಳು. ಒಂದು ಬೇಸಿಗೆ ತವರಿಗೆ ಹೋದವಳು, ಕೊಟ್ಟಿಗೆಗೆ ಹಾಸಲು ದರಗೆಲೆ ತರಲು ಕಾಡಿಗೆ ಹೋಗಿ, ಜ್ವರ ಹೊತ್ತುಕೊಂಡು ಬಂದಳು. ಮಂಗನ ಕಾಯಿಲೆ. ಉಳಿಯಲಿಲ್ಲ. ಪುಟ್ಟಪ್ಪ ಅವಳನ್ನು ತನ್ನ ಹೊಲದಲ್ಲೇ, ಹೊಂಗೆ ಮರದ ಬುಡದಲ್ಲಿ ಮಣ್ಣು ಮಾಡಿ, ಗುರುತಿಗೊಂದು ಕಲ್ಲು ನಿಲ್ಲಿಸಿದ. ಆಗ ಶಿವಶಂಕರನಿಗೆ ಮೀಸೆ ಮೂಡಿರಲಿಲ್ಲ. ಮೀನಾ ಇನ್ನೂ ತೊಡೆಯ ಮೇಲಿನ ಕೂಸು.

ಅದಾಗಿ ಕೆಲವು ವರ್ಷಕ್ಕೆ ವಿಶ್ವವಿದ್ಯಾಲಯದವರು ಈ ಕಡೆಗೊಂದು ಸ್ನಾತಕೋತ್ತರ ಕೇಂದ್ರ ಮಾಡುತ್ತೇವೆಂದು ಬಂದರು. ಶಿಕಾರಿಪುರ ಸೊರಬದ ಮಕ್ಕಳು ಎಂ.ಎ. ಓದಲು ದೂರ ಹೋಗುವುದು ತಪ್ಪುತ್ತದೆ ಅಂದರು. ಊರಿನ ಗೋಮಾಳ ಸಾಲದೆ ಪಕ್ಕದ ಖುಷ್ಕಿ ಹೊಲಗಳನ್ನೂ ತೆಗೆದುಕೊಂಡರು. ಸರ್ವೆ ನಡೆದಾಗ ಪುಟ್ಟಪ್ಪ ಊರಲ್ಲಿರಲಿಲ್ಲ. ಕುರಿ ಹೊಡೆದುಕೊಂಡು ದಾವಣಗೆರೆ ಕಡೆಯ ಕೊಯ್ದ ಗದ್ದೆಗಳಿಗೆ ಹೋಗಿದ್ದ. ಅವನ ಪರವಾಗಿ ಅವನ ಅಣ್ಣ ಹೆಬ್ಬೆಟ್ಟು ಒತ್ತಿದ್ದ. ತಿರುಗಿ ಬಂದು ನೋಡಿದರೆ ಹೊಲದ ಮೇಲೆ ಸುಣ್ಣದ ಗೆರೆ. ಮೂರು ಮೂಲೆಯ ಒಂದು ಚೂರು ಮಾತ್ರ ಈಚೆಗೆ ಉಳಿದಿತ್ತು. ಹೊಂಗೆ ಮರ ಆಚೆಗೆ ಹೋಗಿತ್ತು, ಬರೀ ನಾಲ್ಕು ಮಾರು ಆಚೆಗೆ. ಅವತ್ತೇ ಅಣ್ಣತಮ್ಮಂದಿರ ಮಾತು ನಿಂತಿದ್ದು.

ಜಮೀನು ಹೋದ ಮನೆಗೊಂದು ಕೆಲಸ ಅಂದಾಗ ಪುಟ್ಟಪ್ಪ ಕುರಿಗಳನ್ನು ಮಗನಿಗೊಪ್ಪಿಸಿ ಗೇಟ್ ಕಾಯುವ ಕೆಲಸ ಹಿಡಿದ. "ಕುರಿ ಕಾಯೋನು ಈಗ ಕುರಿ ಬರದಂಗೆ ಕಾಯ್ತಾನಪ್ಪಾ!" ಅಂತ ಊರವರು ನಕ್ಕರು. ಅವನಿಗೆ ಗೆರೆಯ ಆಚೆಗೆ ಹೋಗಬೇಕಿತ್ತು, ಹೋದ.

ದಿನಾ ಡ್ಯೂಟಿಗೆ ಮೊದಲು ಆ ಕಲ್ಲಿನ ಮೇಲೆ ಒಂದು ಕಣಗಿಲೆ ಹೂ ಇಡುತ್ತಿದ್ದ. ಮೊದಲ ಬ್ಯಾಚಿನಲ್ಲಿ ತೊಗರ್ಸಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು, ಅರ್ಥಶಾಸ್ತ್ರದ ಒಂದೇ ಪೇಪರಿನಲ್ಲಿ ಎರಡು ಸಲ ಡುಮ್ಕಿ ಹೊಡೆದವಳು, ಒಂದು ದಿನ ಅಲ್ಲಿ ಕೂತು ಅಳುತ್ತಿದ್ದಳು.

"ಇದ್ಯಾವ ದೇವ್ರು ಪುಟ್ಟಪ್ಪಣ್ಣ?"

ಪುಟ್ಟಪ್ಪ ತಡವರಿಸಿದ. ನನ್ನ ಹೆಂಡ್ತಿ ಅಂದರೆ ಹುಡುಗಿ ಹೆದರಿ ಎದ್ದು ಓಡುತ್ತಾಳೆ. ಕೂತು ಅಳಲಿಕ್ಕೆ ಅವಳಿಗೆ ಇದ್ದದ್ದು ಅದೊಂದೇ ನೆರಳು.

"ಅಮ್ಮ," ಅಂದ. "ಬೇಡ್ಕ. ಕೇಳಿಸ್ಕೊಳ್ತಾಳೆ."

ಹುಡುಗಿ ತನ್ನ ಪೆನ್ನನ್ನು ಕಲ್ಲಿಗೆ ಮುಟ್ಟಿಸಿಕೊಂಡು ಹೋದಳು. ಪಾಸಾದಳು. ಓದಿದ್ದಕ್ಕೆ ಪಾಸಾಗಿದ್ದು ಅಂತ ಪುಟ್ಟಪ್ಪನೇ ಹೇಳುತ್ತಿದ್ದ. ಆದರೆ ಓದುವ ಹುಡುಗರು ಓದಿನ ಮೇಲೆ ಅಷ್ಟೇನೂ ನಂಬಿಕೆ ಇಟ್ಟವರಲ್ಲ. ಮುಂದಿನ ಪರೀಕ್ಷೆಯ ಹೊತ್ತಿಗೆ ಕಲ್ಲಿಗೆ ಕುಂಕುಮ ಬಿತ್ತು, ಹೆಸರೂ ಬಿತ್ತು: ಪಾಸಮ್ಮ. ಹಾಲ್ ಟಿಕೆಟ್ ಇಟ್ಟು ಕೈಮುಗಿಯುವವರು ಬಂದರು, ಪೆನ್ನು ಒಪ್ಪಿಸುವವರು ಬಂದರು. ಆ ಪೆನ್ನುಗಳನ್ನು ಪುಟ್ಟಪ್ಪ ಜೇಬಿಗೆ ಹಾಕಿಕೊಂಡು, ಬರಿಗೈಯಲ್ಲಿ ಪರೀಕ್ಷೆಗೆ ಓಡಿಬಂದವರಿಗೆ ಗೇಟಿನಲ್ಲೇ ಹಂಚುತ್ತಿದ್ದ.

ಒಮ್ಮೆ ಸೈಕಲ್ ಸ್ಟ್ಯಾಂಡಿಗೆಂದು ಬುಲ್ಡೋಜರ್ ಬಂತು. ಹಾಸ್ಟೆಲ್ ಹುಡುಗಿಯರೆಲ್ಲ ಬಂದು ಕಲ್ಲಿನ ಸುತ್ತ ಕೂತುಬಿಟ್ಟರು. ಸ್ಟ್ಯಾಂಡು ಬೇರೆ ಕಡೆ ಹೋಯಿತು. ಅವತ್ತು ಸಂಜೆ ಪುಟ್ಟಪ್ಪ ವಲೀಸಾಬನ ಜೊತೆ ಕೂತು ಒಂದರ ಮೇಲೊಂದು ಟೀ ಕುಡಿದ.

"ಇನ್ನು ಅವಳನ್ನ ಯಾರೂ ಮುಟ್ಟಲ್ಲ ಸಾಬ್ರೆ," ಅಂದ.

ಊರಿನ ಹಳಬರಿಗೆಲ್ಲ ವಿಷಯ ಗೊತ್ತಿತ್ತು. ಗೊತ್ತಿರದಿದ್ದುದು ಗೋಡೆಯ ಒಳಗಿನವರಿಗೆ ಮಾತ್ರ.

*

ಕೇಂದ್ರದ ನಿರ್ದೇಶಕ ಯತೀಶ ಹಾರ ಹಾಕಿ, ಕೈಮುಗಿದು, ವಲೀಸಾಬ್ ತೋರಿಸಿದ ಕುರ್ಚಿಯಲ್ಲಿ ಕೂತ. ಗುದ್ದಲಿ ಹಿಡಿದು ನಿಂತ ಹೆಂಗಸನ್ನು ನೋಡಿ ಸ್ವಲ್ಪ ಗಾಬರಿಯಾಯಿತು. ಮಗಳು ಅಂತ ತಿಳಿದ ಮೇಲೆ ಸಮಾಧಾನವಾಯಿತು.

"ನಾನೂ ಇಲ್ಲೇ ಎಂ.ಎ. ಮಾಡಿದ್ದು ಕಣ್ರೀ," ಅಂದ. "ಆಗ ಮಳೆ ಬಂದ್ರೆ ಕ್ಲಾಸ್ ಇಲ್ಲ, ಮಾಡಿನ ಶೀಟಿನ ಸದ್ದಿಗೆ ಪಾಠ ಕೇಳಿಸ್ತಿರ್ಲಿಲ್ಲ. ನಮಗೆ ಪುಟ್ಟಪ್ಪನ ಸೀಟಿ ಅಂದ್ರೆ ಭಯ. ಯಾರ ಮೇಲಾದ್ರೂ ಕೈ ಮಾಡಿದ್ದು ಮಾತ್ರ ಒಂದೇ ಸಲ. ಯಾವನೋ ಫೇಲಾದ ಸಿಟ್ಟಿಗೆ ಪಾಸಮ್ಮನ ಕಲ್ಲಿಗೆ ಒದ್ದಿದ್ದ. ಪುಟ್ಟಪ್ಪ ಕೋಲು ತಗೊಂಡು ಬಾರಿಸಿಬಿಟ್ಟ. ವಿಚಾರಣೆ ಆಯ್ತು. ಯಾಕೆ ಹೊಡೆದೆ ಅಂದ್ರೆ ಬಾಯೇ ಬಿಡ್ಲಿಲ್ಲ. ಸಸ್ಪೆಂಡ್ ಮಾಡಿದ್ರು, ಸುಮ್ನೆ ಮನೆಗೆ ಹೋದ. ಎಂಥ ಭಕ್ತಿ ನೋಡಿ."

ಶಿವಶಂಕರ ನೆಲ ನೋಡಿದ.

"ಭಕ್ತೀನೇ ಸಾರ್," ಅಂದ ವಲೀಸಾಬ್. "ಬಾಳ ಭಕ್ತಿ."

ಮೀನಾ ಒಂದು ಹೆಜ್ಜೆ ಮುಂದೆ ಬಂದಳು. "ಸಾರ್, ಆ ಕಲ್ಲಿನ ವಿಷಯಾನೇ ಒಂದು ಮಾತು…"

"ಅಯ್ಯೋ, ಕಲ್ಲಿಗೇನೂ ಆಗಲ್ಲಮ್ಮ. ನಿಮ್ಮಪ್ಪನಿಗೂ ಅದೇ ಚಿಂತೆ. ಹೊಸ ಲೈಬ್ರರಿ ನಕ್ಷೆ ಬಂದಾಗ, ರಿಟೈರ್ ಆದೋನು, ಕೋಲೂರಿಕೊಂಡು ನನ್ನ ಚೇಂಬರಿಗೆ ಬಂದಿದ್ದ. ಇಂಜಿನಿಯರು ಏನಂದ ಗೊತ್ತಾ? ಇದು ಯಾವುದೋ ಹಳೇ ಗೋರಿ ಇದ್ದಂಗಿದೆ, ಗೋರಿಯಾದ್ರೆ ಸುಲಭ ಸಾರ್, ತಹಸೀಲ್ದಾರ್ರಿಗೆ ಬರೆದು ಎತ್ತಿಸಿಬಿಡಬಹುದು ಅಂದ. ನಾನು ಬೈದೆ. ಗೋರಿ ಅಲ್ಲಯ್ಯ, ದೇವ್ರು, ಮುಟ್ಟಿದ್ರೆ ಹಾಸ್ಟೆಲ್ಲಿಗೆ ಹಾಸ್ಟೆಲ್ಲೇ ಎದ್ದು ಬರುತ್ತೆ ಅಂದೆ. ಈಗ ಲೈಬ್ರರಿನೇ ಪಕ್ಕಕ್ಕೆ ಸರಿಸಿದೀವಿ."

ದೊಡ್ಡಿಯಲ್ಲಿ ಮೇಯಲು ಬಿಡದ ಕುರಿಗಳು ಅರಚುತ್ತಿದ್ದವು.

"ಏನೋ ಕೇಳ್ಬೇಕು ಅಂದ್ಯಲ್ಲಮ್ಮ?"

ಶಿವಶಂಕರ ತಂಗಿಯ ಮುಖ ನೋಡಿದ. ಅವಳು ಜಗಲಿಯ ಮೇಲೆ ಕೂತ ಅಪ್ಪನನ್ನು ನೋಡುತ್ತಿದ್ದಳು.

"ಪರೀಕ್ಷೆ ಎಷ್ಟೊತ್ತಿಗೆ ಮುಗೀತದೆ ಸಾರ್?" ಅಂದಳು. "ಗೋಡೆ ಪಕ್ಕದಾಗೆ ನಮ್ದೊಂದು ಚೂರು ಹೊಲ ಉಳಿದೈತೆ. ಅಲ್ಲಿ ಮಣ್ಣು ಮಾಡ್ತೀವಿ. ಡೊಳ್ಳು ಬಡಿಯೋದು ನಮ್ಮ ಪದ್ಧತಿ. ಬರೆಯೋ ಮಕ್ಳಿಗೆ ತೊಂದ್ರೆ ಆಗ್ಬಾರ್ದು."

"ಸಂಜೆ ಗಂಟೆ ಹೊಡೆದ ಮೇಲೆ ನಿಮ್ಮಿಷ್ಟ ಕಣಮ್ಮ," ಅಂದ ಯತೀಶ. ಆ ಮಾತಿಗೆ ಅವನ ಕಣ್ಣು ಒದ್ದೆಯಾಯಿತು. ಬೇಗ ಎದ್ದು ಹೊರಟ.

ಅವನ ಕಾರು ತಿರುಗಿದ ಮೇಲೆ ಪರಮಶಿವಪ್ಪ, "ಆ ಚೂರಿನಾಗೆ ಒಂದು ಹುರುಳಿ ಕಾಳೂ ಬೆಳೀಲಿಲ್ಲ. ಎಷ್ಟು ಜನ ಕೇಳಿದ್ರೂ ಮಾರಲಿಲ್ಲ ಪುಣ್ಯಾತ್ಮ," ಅಂದರು.

"ನಾನೂ ಕೇಳಿದ್ದೆ, ಅಂಗಡಿ ಹಾಕ್ಕೊಳ್ಳಾಕೆ," ಅಂದ ವಲೀಸಾಬ್. "ಕೊಡಲ್ಲ ಸಾಬ್ರೆ, ಅಲ್ಲಿ ನಂದೊಂದು ಕೆಲಸ ಐತೆ ಅಂದಿದ್ದ. ಏನು ಕೆಲಸ ಅಂತ ನಾನು ಕೇಳ್ಲಿಲ್ಲ."

ಮೀನಾ ಗುದ್ದಲಿಯನ್ನು ತೋಡುವವನ ಕೈಗೆ ಕೊಟ್ಟಳು. "ಗೋಡೆಗೆ ಎಷ್ಟು ಹತ್ರ ಆಗ್ತದೋ ಅಷ್ಟು ಹತ್ರ ತೋಡಪ್ಪ," ಅಂದಳು.

*

ಸಂಜೆ ಗಂಟೆ ಹೊಡೆಯಿತು. ಡೊಳ್ಳು ಎದ್ದಿತು. ಪುಟ್ಟಪ್ಪನನ್ನು ಗೇಟಿನ ಮುಂದಿನಿಂದಲೇ ಹೊತ್ತು ತಂದರು. ಪರೀಕ್ಷೆ ಮುಗಿಸಿ ಬಸ್ಸಿಗೆ ನಿಂತಿದ್ದ ಹುಡುಗರು ಇಯರ್‌ಫೋನ್ ತೆಗೆದು ಬದಿಗೆ ಸರಿದರು. ಕೆಲವರು ಯಾರು ಅಂತ ಕೇಳಿದರು. ಹಳೇ ವಾಚ್‌ಮನ್ ಅಂತೆ, ಅಂದರು ಉಳಿದವರು.

ಗುಣಿಯ ಹತ್ತಿರ ಬಂದಾಗ ಡೊಳ್ಳು ನಿಲ್ಲಿಸಿದರು. ಹೊಂಗೆಯ ಒಂದು ಕೊಂಬೆ ಗೋಡೆ ದಾಟಿ ಈಚೆಗೆ ಚಾಚಿತ್ತು. ಅದರ ಕೆಳಗೇ ಪುಟ್ಟಪ್ಪನನ್ನು ಇಳಿಸಿ ಮಲಗಿಸಿದರು.

"ಮಕ್ಳು ಮೊದ್ಲು," ಅಂದರು ಪರಮಶಿವಪ್ಪ.

ಶಿವಶಂಕರ ಮಣ್ಣು ಹಾಕಿ ಹಿಂದೆ ಸರಿದ. ಮೀನಾ ಬಗ್ಗಿ ಒಂದು ಹಿಡಿ ತೆಗೆದುಕೊಂಡಳು. ಅಷ್ಟರಲ್ಲಿ ಗೋಡೆಯ ಆಚೆ ತರಗೆಲೆಯ ಮೇಲೆ ಚಪ್ಪಲಿಯ ಸದ್ದಾಯಿತು. ಒಂದು ಹುಡುಗಿಯ ದನಿ. ಈಚೆ ಜನ ಇದ್ದಾರೆಂದು ಅವಳಿಗೆ ಗೊತ್ತಿದ್ದಂತಿಲ್ಲ.

"ಅಮ್ಮಾ, ಇವತ್ತಿಂದು ಹೋಯ್ತು, ಅದನ್ನ ಕೇಳಲ್ಲ. ನಾಳಿದ್ದಿಂದು ಒಂದು ನೋಡ್ಕಳಮ್ಮಾ. ಮನೇಲಿ ಗಂಡು ನೋಡ್ತಿದಾರೆ. ಪಾಸಾದ್ರೆ ಬಿ.ಎಡ್. ಓದಿಸ್ತೀನಿ ಅಂದಿದಾನೆ ಅಣ್ಣ. ಇಲ್ದಿದ್ರೆ…"

ಮೂಗೊರೆಸಿಕೊಂಡ ಸದ್ದು.

"ಹಾಕವ್ವ," ಪರಮಶಿವಪ್ಪ ಪಿಸುಗುಟ್ಟಿದರು. "ಹೊತ್ತು ಮುಳುಗ್ತೈತೆ."

ಮೀನಾ ಇನ್ನೊಂದು ಕೈ ಎತ್ತಿ ತಡೆದಳು. ಗುದ್ದಲಿ ಹಿಡಿದವನು ಗುದ್ದಲಿ ಕೆಳಗಿಟ್ಟ. ಡೊಳ್ಳಿನವನು ಡೊಳ್ಳಿನ ಮೇಲೆ ಅಂಗೈ ಊರಿದ. ಗೋಡೆಯ ಆಚೆ ಹುಡುಗಿ ಮತ್ತೆ ಶುರು ಮಾಡಿದಳು. ಅಣ್ಣ ಒಳ್ಳೆಯವನೇ ಅಂದಳು, ಅತ್ತಿಗೆಯದೇ ಕಾಟ ಅಂದಳು, ಎರಡನೇ ಘಟಕ ಎಷ್ಟು ಓದಿದರೂ ತಲೆಗೆ ಹತ್ತುವುದಿಲ್ಲ ಅಂದಳು. ಹೇಳುವುದು ಬಹಳ ಇತ್ತು.

ಮೀನಾಳ ಬೆರಳ ಸಂದಿಯಿಂದ ಮಣ್ಣು ಸಣ್ಣಗೆ ಸೋರುತ್ತಿತ್ತು. ಅವಳು ಮುಷ್ಟಿ ಬಿಗಿ ಮಾಡಿದಳು.

ಕೊನೆಗೆ ಹುಡುಗಿ, "ಬರ್ತೀನಮ್ಮಾ," ಅಂದಳು. ಚಪ್ಪಲಿಯ ಸದ್ದು ಹಾಸ್ಟೆಲ್ಲಿನ ಕಡೆಗೆ ಹೋಗಿ, ಕೇಳಿಸದಷ್ಟು ದೂರವಾಯಿತು. ಆಮೇಲೆ ಮೀನಾ ಗುಣಿಯ ಮೇಲೆ ಬಗ್ಗಿ ಕೈ ಬಿಚ್ಚಿದಳು.